ಹನುಮಂತನಿಗೆ ಬಾವುಟದ ಡ್ಯೂಟಿ

ಕಾದಂಬರಿಕಾರ ಗಳಗನಾಥರು ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದ ಅಗಡಿ ಊರು ನಮ್ಮದು. ಪುರಾಣದ ಕತೆಗಳ ದೊಡ್ಡಾಟ ನೋಡಿ ಬೆಳೆದ ನಮಗೆ ಅವೆಂಜರ್ಸ್ ಏನು ಮಹಾ? ಮಾರ್ವೆಲ್‌ನವರು 1963ರಲ್ಲಿ ತಮ್ಮ ಶೂರರನ್ನು ಒಂದೇ ಕತೆಗೆ ತುಂಬಿದರು. ವ್ಯಾಸರು ಎಂದೋ ತುಂಬಿದ್ದರು. ರಾಮಾಯಣದ ಹನುಮಂತ ಮಹಾಭಾರತಕ್ಕೂ ಬಂದು ಭೀಮನ ದಾರಿಗೆ ಬಾಲ ಚಾಚಿ ಮಲಗುತ್ತಾನೆ. ಪರಶುರಾಮನಂತೂ ಎರಡೂ ಕಡೆ ಸಿಟ್ಟಾಗುತ್ತಾನೆ.

ಆದರೆ ವ್ಯಾಸರ ಜಾಣತನ ಇರುವುದು ಡ್ಯೂಟಿ ಹಂಚುವುದರಲ್ಲಿ. ಹನುಮಂತ ಕುರುಕ್ಷೇತ್ರಕ್ಕೆ ಇಳಿದಿದ್ದರೆ 18 ದಿನ ಎಲ್ಲಿಯದು, ಮಧ್ಯಾಹ್ನದ ರೊಟ್ಟಿ ಹೊತ್ತಿಗೆ ಯುದ್ಧ ಖಲಾಸ್! ಅದಕ್ಕೇ ಅವನಿಗೆ ಅರ್ಜುನನ ಬಾವುಟ, ಕೃಷ್ಣನಿಗೆ ಕುದುರೆ ಲಗಾಮು. ಯಾವ ಪಕ್ಷಕ್ಕೂ ಒಗ್ಗದ ಬಲರಾಮನಿಗೆ ತೀರ್ಥಯಾತ್ರೆ, ನಮ್ಮ ಶಾಸಕರಿಗೆ ರೆಸಾರ್ಟ್ ಇದ್ದ ಹಾಗೆ.

ಮಾರ್ವೆಲ್‌ ಸಾಹೇಬರೇ, ಮುಂದಿನ ಸಿನಿಮಾದಲ್ಲಿ ಹಲ್ಕ್‌ನನ್ನೂ ಒಮ್ಮೆ ಕಾಶಿಗೆ ಕಳಿಸಿ ನೋಡ್ರಿ.