ದೊಡ್ಡದು ಸಂತೆಗೆ, ಸಣ್ಣದು ಗುಡ್ಡಕ್ಕೆ

ಹೊಸಪೇಟೆಯಲ್ಲಿ ಥಾರ್ ಜೀಪು ಕೊಂಡವರನ್ನು ಇದನ್ನೇ ಯಾಕೆ ಕೊಂಡಿರಿ ಎಂದು ಕೇಳಿ ನೋಡಿ. "ನಮ್ ಕಡೆ ಗುಡ್ಡ ಜಾಸ್ತಿ ಅಲ್ರೀ, ಇಂಥದ್ದೇ ಬೇಕು" ಅನ್ನುತ್ತಾರೆ. ಗುಡ್ಡ ಜಾಸ್ತಿ ಎಂಬುದು ಸುಳ್ಳಲ್ಲ. ಒಂದು ಕಡೆ ಜಂಬುನಾಥನ ಬೆಟ್ಟ, ಇನ್ನೊಂದು ಕಡೆ ಸಂಡೂರಿನ ಸಾಲು, ಮತ್ತೊಂದು ಕಡೆ ಹಂಪಿಯ ಬಂಡೆಗಳು. ಆದರೆ ಆ ಗಾಡಿಗಳು ಗುಡ್ಡದ ಮೇಲಿದ್ದದ್ದನ್ನು ನಾನಂತೂ ಕಂಡಿಲ್ಲ. ಕಲ್ಯಾಣ ಮಂಟಪದ ಮುಂದೆ ಕಂಡಿದ್ದೇನೆ. ಟ್ಯೂಷನ್ ಬಿಡುವ ಹೊತ್ತಿಗೆ ಬೀದಿ ತುಂಬ ಕಂಡಿದ್ದೇನೆ. ಸಂಜೆ ಮಿರ್ಚಿ-ವಗ್ಗರಣಿ ಅಂಗಡಿಯ ಮುಂದೆ, ಬಾನೆಟ್ಟಿನ ಮೇಲೆ ಪ್ಲೇಟು ಇಟ್ಟುಕೊಂಡು ನಿಂತವರ ಜೊತೆ ಕಂಡಿದ್ದೇನೆ. ಬಾನೆಟ್ಟನ್ನು ಆ ಎತ್ತರಕ್ಕೆ ಮಾಡಿರುವುದೇ ಅದಕ್ಕಿರಬೇಕು.

ನಮ್ಮ ಭಾವನವರದ್ದೂ ಒಂದಿದೆ. ಫೋರ್ ವೀಲ್ ಡ್ರೈವ್ ಹಾಕುವ ಸಣ್ಣ ಲಿವರಿಗೆ ನಮ್ಮಕ್ಕ ಕೊತ್ತಂಬರಿ ಚೀಲ ನೇತುಹಾಕುತ್ತಾಳೆ. ಆ ಲಿವರು ಈವರೆಗೆ ಮಾಡಿದ ದೊಡ್ಡ ಕೆಲಸ ಅದೇ.

ಭಾವನನ್ನು ಅಂದು ಪ್ರಯೋಜನವಿಲ್ಲ. ಗುಡ್ಡ ಹತ್ತಿಸುತ್ತೇನೆಂದರೆ ಹತ್ತಿಸುವುದಾದರೂ ಎಲ್ಲಿ? ಸಂಡೂರಿನ ಕಡೆ ಹೋದರೆ ಅರಣ್ಯ ಇಲಾಖೆಯ ಗೇಟು, ಅದು ಇಲ್ಲದ ಕಡೆ ಗಣಿಯ ಗೇಟು. ದರೋಜಿಯ ಕಡೆ ಕರಡಿಗಳು. ಹಂಪಿಯಲ್ಲಿ ಪುರಾತತ್ವ ಇಲಾಖೆ. ಹೋಗಲಿ, ದೊಡ್ಡ ಟೈರ್ ಹಾಕಿಸಿ ಗಾಡಿ ಒಂದಿಷ್ಟು ಎತ್ತರಿಸಿ ಮನಸ್ಸಿಗೆ ಸಮಾಧಾನ ತಂದುಕೊಳ್ಳೋಣವೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ. ಕಂಪನಿ ಕೊಟ್ಟ ಮೂಲರೂಪವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟೂ 2019ರ ಜನವರಿಯಲ್ಲಿ ಹೇಳಿಬಿಟ್ಟಿತು. ಇವೆಲ್ಲವನ್ನೂ ದಾಟಿದರೆ ಕೊನೆಗೆ ಬ್ಯಾಂಕಿನ ಕಂತು. ಬಾಗಿಲಿಗೆ ಒಂದು ಜಾಲಿ ಮುಳ್ಳು ಗೀರಿದರೆ ಆ ತಿಂಗಳ ಕಂತು ಕಟ್ಟುವಾಗ ಕೈ ನಡುಗುತ್ತದೆ. ಹೀಗಾಗಿ ಭಾವ ಒಂದು ತೀರ್ಮಾನಕ್ಕೆ ಬಂದರು. ತಮ್ಮ ಗಾಡಿಯನ್ನೇ ಹತ್ತರಲ್ಲೊಂದು ಅಳತೆಗೆ ಇಳಿಸುವುದು, ರಿಮೋಟಿನಲ್ಲಿ ಓಡುವ ಹಾಗೆ ಮಾಡುವುದು, ಗುಡ್ಡಕ್ಕೆ ಅದನ್ನು ಕಳಿಸುವುದು. ದೊಡ್ಡದು ಸಂತೆಗೆ ಹೋಗಿಬರಲಿ.

ಮೊದಲ ಭಾನುವಾರ ಅಳತೆ. ಥಾರ್ 3,985 ಮಿ.ಮೀ. ಉದ್ದ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2,450 ಮಿ.ಮೀ. ಎಂದು ಕಂಪನಿಯವರು ಅಚ್ಚು ಹಾಕಿಸಿ ಕೊಟ್ಟಿದ್ದಾರೆ. ಭಾವನಿಗೆ ಅಚ್ಚಿನ ಮೇಲೆ ನಂಬಿಕೆಯಿಲ್ಲ. ಟೇಪು ಹಿಡಿದು ಗಾಡಿಯ ಕೆಳಗೆ ನುಸುಳಿದರು. ಎದುರು ಮನೆಯ ಯಜಮಾನರು ಕಾಂಪೌಂಡಿನಿಂದ ಬಗ್ಗಿ "ಯಾಕ್ರೀ, ಮಾರಾಕತ್ತೀರೇನು?" ಎಂದರು. ಇಲ್ಲ, ಇನ್ನೊಂದು ಮಾಡುತ್ತಿದ್ದೇನೆ ಎಂಬ ಉತ್ತರ ಗಾಡಿಯ ಕೆಳಗಿನಿಂದ ಬಂತು. ಯಜಮಾನರು ಮತ್ತೆ ಏನೂ ಕೇಳಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಚಾಸಿಯಲ್ಲಿ. ಬಂಡೆ ಹತ್ತುವ ರಿಮೋಟ್ ಗಾಡಿಗಳಿಗೆ ಕ್ರಾಲರ್ ಎನ್ನುತ್ತಾರೆ. ಅದರಲ್ಲಿ ಹೆಸರುವಾಸಿಯಾದ ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್10-2 ಚಾಸಿಯಲ್ಲಿ ಗಾಲಿಗಳ ಅಂತರ 313 ಮಿ.ಮೀ., ಟ್ರಾಕ್ಸಸ್ ಟಿಆರ್‌ಎಕ್ಸ್-4ರಲ್ಲಿ 324. ನಮ್ಮ ಥಾರಿಗೆ ಬೇಕಾದದ್ದು 245. ಹೊರದೇಶದ ಉದ್ದನೆಯ ಗಾಡಿಗಳ ಲೆಕ್ಕಕ್ಕೆ ಮಾಡಿದ್ದನ್ನು ತಂದು ಹೊಸಪೇಟೆಯಲ್ಲಿ ಕೊಯ್ದು ಗಿಡ್ಡ ಮಾಡಬೇಕು. ಅದಕ್ಕೂ ಮೊದಲು ಸುಂಕ. ಹೊರದೇಶದ ಆಟಿಕೆಗಳ ಮೇಲಿನ ಸುಂಕವನ್ನು ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿಸಿತು, 2023ರಲ್ಲಿ ಶೇ. 70 ಮಾಡಿತು. "ಇದು ಆಟಿಕೆ ಅಲ್ಲ, ಸ್ಕೇಲ್ ಮಾಡೆಲ್" ಎಂದು ಭಾವ ವಾದಿಸಿದ್ದು ಸುಂಕದವರ ಮುಂದಲ್ಲ, ಅಕ್ಕನ ಮುಂದೆ. ಅಕ್ಕ ಒಪ್ಪಲಿಲ್ಲ. ದೇಶದ ವಾಣಿಜ್ಯ ನೀತಿಯೂ ನಮ್ಮಕ್ಕನೂ ಒಂದೇ ಅಭಿಪ್ರಾಯಕ್ಕೆ ಬಂದದ್ದು ಅದೊಂದೇ ಸಲ.

ಮೋಟಾರಿನದು ಇನ್ನೊಂದು ಪುರಾಣ. ಒಳಗಿನ ತಂತಿಯ ಸುತ್ತು ಎಷ್ಟು ಎಂಬುದರ ಮೇಲೆ ಮೋಟಾರಿನ ಗುಣ. ಸುತ್ತು ಕಡಿಮೆಯಾದರೆ ಓಟ, ಸುತ್ತು ಹೆಚ್ಚಾದರೆ ನಿಧಾನದ ಎಳೆತ. ರೇಸಿಗೆ ಕಡಿಮೆ ಸುತ್ತಿನದು, ಬಂಡೆಗೆ 35, 55 ಸುತ್ತಿನದು. ಸುತ್ತು ಹೆಚ್ಚಾದಷ್ಟೂ ಕೆಲಸ ನಿಧಾನ ಎಂಬುದು ಖಾತೆ ಬದಲಾವಣೆಗೆ ಅಲೆದವರಿಗೆ ಹೊಸದಲ್ಲ. ಬಾಡಿಯ ಭಾಗಗಳನ್ನು ತ್ರೀ-ಡಿ ಪ್ರಿಂಟರಿನಲ್ಲಿ ಅಚ್ಚು ತೆಗೆಸಿದರು. ಅಗ್ಗದ ಪಿಎಲ್‌ಎ ಪ್ಲಾಸ್ಟಿಕ್ಕು ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ಬಳ್ಳಾರಿ ಸೀಮೆಯ ಏಪ್ರಿಲ್‌ನಲ್ಲಿ ಬಿಸಿಲಿಗೆ ನಿಂತ ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಅದನ್ನಿಟ್ಟರೆ ಏನಾಗಬೇಕೋ ಅದೇ ಆಯಿತು. ಸಣ್ಣ ಥಾರಿನ ಮೂತಿ ಹಪ್ಪಳವಾಯಿತು. ಎರಡನೆಯ ಮೂತಿ ಎಬಿಎಸ್‌ನಲ್ಲಿ ಬಂತು.

ತೂಕದ ಲೆಕ್ಕ ಕೇಳಿದರೆ ಇನ್ನೂ ಮಜಾ. ಉದ್ದ ಹತ್ತರಲ್ಲೊಂದಾದರೆ ತೂಕವೂ ಹತ್ತರಲ್ಲೊಂದು ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲ, ಉದ್ದ, ಅಗಲ, ಎತ್ತರ ಮೂರೂ ಇಳಿಯುವುದರಿಂದ ಅದು ಸಾವಿರದಲ್ಲೊಂದು. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಇದನ್ನೇ ಎಲುಬಿನ ಚಿತ್ರ ಬರೆದು ತಿಳಿಸಿದ್ದ: ಪ್ರಾಣಿಯನ್ನು ಹಿಗ್ಗಿಸುತ್ತ ಹೋದರೆ ತೂಕ ಏರುವಷ್ಟು ಬೇಗ ಎಲುಬಿನ ಬಲ ಏರುವುದಿಲ್ಲ. ಇರುವೆ ಮಾಡಿನಿಂದ ಬಿದ್ದು ಎದ್ದು ಹೋಗುವುದೂ ಆನೆ ಹಳ್ಳಕ್ಕೆ ಬಿದ್ದರೆ ಕಥೆ ಮುಗಿಯುವುದೂ ಇದೇ ಲೆಕ್ಕ. ಸಣ್ಣ ಗಾಡಿ ಬಂಡೆಯಿಂದ ಮೂರು ಪಲ್ಟಿ ಹೊಡೆದರೂ ದೂಳು ಕೊಡವಿಕೊಂಡು ಹೊರಡುತ್ತದೆ. ದೊಡ್ಡದು ಒಂದು ಪಲ್ಟಿ ಹೊಡೆದರೆ ಇನ್ಶೂರೆನ್ಸಿನವರು ಬರುತ್ತಾರೆ. ಈ ಲೆಕ್ಕದ ಪ್ರಕಾರ ಭಾವನ ಸಣ್ಣ ಥಾರು ಒಂದೂಮುಕ್ಕಾಲು ಕೆ.ಜಿ. ಆಸುಪಾಸಿನಲ್ಲಿ ಇರಬೇಕಿತ್ತು. ತಕ್ಕಡಿಗೆ ಹಾಕಿದಾಗ ಮೂರಕ್ಕೆ ಹತ್ತಿರ ತೂಗಿತು. "ಮಾಡಿದೋರ ಹಂಗ ಐತಿ" ಎಂದಳು ಅಕ್ಕ.

ಅಕ್ಕನ ಸಹಕಾರ ಇರಲಿಲ್ಲ ಎನ್ನಬೇಡಿ. ಪ್ರತಿಕೃತಿ ಎಂದ ಮೇಲೆ ತಗ್ಗು, ಗೀರುಗಳೂ ಬರಬೇಕಲ್ಲ. ಅವುಗಳ ಪೂರ್ಣ ದಾಖಲೆ ಇದ್ದದ್ದು ಅವಳ ಬಳಿ. ಎಡ ಬಾಗಿಲ ಗೀರು ಯಾವ ಮದುವೆಯದು, ಹಿಂದಿನ ಬಂಪರಿನ ತಗ್ಗು ಯಾವ ಗೇಟಿನದು, ಆಗ ಸ್ಟೇರಿಂಗ್ ಹಿಡಿದವರು ಯಾರು, ಎಲ್ಲ ಬಾಯಿಪಾಠ. ಬಂಪರಿನ ತಗ್ಗನ್ನು ಮಾಡೆಲ್ಲಿನಲ್ಲಿ ತೋರಿಸುವುದು ಬೇಡವೆಂದು ಭಾವ ಹೇಳಿನೋಡಿದರು. ನಡೆಯಲಿಲ್ಲ. ಕೆಎ-35 ನಂಬರ್ ಪ್ಲೇಟಿನ ಪಕ್ಕದಲ್ಲಿ ಅದು ಈಗಲೂ ಹತ್ತರಲ್ಲೊಂದು ಅಳತೆಯಲ್ಲಿ ಇದೆ.

ಬಣ್ಣ ಒಣಗಿದ ಮೇಲೆ ದೂಳು ಹಿಡಿಸುವ ಕೆಲಸ. ಹೊರಗಿನವರು ಇದಕ್ಕೆ ಬಾಟಲಿಯಲ್ಲಿ ಬರುವ ದೂಳಿನ ಬಣ್ಣ ಕೊಳ್ಳುತ್ತಾರಂತೆ. ಸಂಡೂರು ಪಕ್ಕದಲ್ಲಿರುವಾಗ ದೂಳಿಗೆ ದುಡ್ಡು ಕೊಡುವ ಗತಿ ನಮಗಿನ್ನೂ ಬಂದಿಲ್ಲ. ಅದಿರಿನ ಲಾರಿಗಳು ಓಡುವ ಕಾಲದಲ್ಲಿ ತೋರಣಗಲ್ಲಿನ ದಾರಿಯ ಬೇವಿನ ಮರವೂ ಕೆಂಪಗೆ ಇರುತ್ತಿತ್ತು. ಬಳ್ಳಾರಿ ಜಿಲ್ಲೆಯ ಗಣಿಗಳನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿದ್ದು 2011ರ ಜುಲೈನಲ್ಲಿ. ಆಮೇಲೆ ಒಂದೊಂದಾಗಿ ತೆರೆದವು, ದೂಳೂ ವಾಪಸು ಬಂತು. ಭಾವ ದೋಣಿಮಲೆ ದಾರಿಯ ಬದಿಯಿಂದ ಒಂದು ಪೊಟ್ಟಣ ಕೆಮ್ಮಣ್ಣು ಕಟ್ಟಿಕೊಂಡು ಬಂದು ಬಳಿದರು. ಕಣ್ಣಿಗೆ ಒಪ್ಪಲಿಲ್ಲ. ಗಾಡಿ ಸಣ್ಣದಾಗಿದೆ, ದೂಳಿನ ಕಣ ಸಣ್ಣದಾಗಿಲ್ಲ! ಸಣ್ಣ ಥಾರಿನ ಬಾನೆಟ್ಟಿನ ಮೇಲೆ ಅದು ಜಲ್ಲಿಯ ಹಾಗೆ ಕಾಣಿಸಿತು. ಆಮೇಲೆ ಅಕ್ಕನ ಹಳೇ ವಾಯಿಲ್ ಸೀರೆಯಲ್ಲಿ ಅದನ್ನು ವಸ್ತ್ರಗಾಳಿತ ಮಾಡಿ, ಹೊಳಪಿಲ್ಲದ ವಾರ್ನಿಷ್ಷಿಗೆ ಕಲಸಿ, ಬ್ರಷ್ಷಿನ ತುದಿಯಿಂದ ಗಾಲಿಯ ಸಂದಿ, ಬಾಗಿಲ ಕೆಳಗಂಚು, ಒರೆಸುಕಡ್ಡಿ ತಲುಪದ ಗಾಜಿನ ಮೂಲೆಗೆ ಮಾತ್ರ ಹಚ್ಚಿದರು. ದೊಡ್ಡ ಗಾಡಿಯನ್ನು ದಿನಾ ತೊಳೆಸುವ ಮನುಷ್ಯ ಸಣ್ಣ ಗಾಡಿಗೆ ಎರಡು ಸಂಜೆ ಕೂತು ದೂಳು ಹಚ್ಚಿದ್ದು ಹೀಗೆ.

ಇದನ್ನೆಲ್ಲ ಹುಚ್ಚು ಅನ್ನುವವರು ನಮ್ಮ ಸೀಮೆಯನ್ನು ಸರಿಯಾಗಿ ನೋಡಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಏನು ಮಾಡುತ್ತೇವೆ? ಕೊಟ್ಟಿಗೆಯಲ್ಲಿ ಜೀವಂತ ಜೋಡೆತ್ತು ಇದ್ದರೂ ಮಣ್ಣಿನದೊಂದು ಜೋಡಿ ಮಾಡಿ ಜಗಲಿಯ ಮೇಲಿಟ್ಟು ಪೂಜೆ ಮಾಡುತ್ತೇವೆ. ನಮ್ಮಜ್ಜ ಎಡಗಡೆಯ ಎತ್ತಿನ ಕೋಡು ಸೊಟ್ಟಗಿದ್ದರೆ ಮಣ್ಣಿನ ಎತ್ತಿಗೂ ಸೊಟ್ಟ ಕೋಡೇ ಇಡುತ್ತಿದ್ದ. ಜೋಳದ ದಂಟು ಸೀಳಿ, ಜಾಲಿ ಮುಳ್ಳು ಚುಚ್ಚಿ ಬಂಡಿ ಕಟ್ಟದ ಹುಡುಗರು ಯಾವ ಊರಲ್ಲಿದ್ದರು? ಕೊಪ್ಪಳದ ಹತ್ತಿರದ ಕಿನ್ನಾಳದವರು ಹಗುರ ಮರದಲ್ಲಿ ಬೊಂಬೆ ಮಾಡುತ್ತಾರಲ್ಲ, ಹಂಪಿಯ ವಿರೂಪಾಕ್ಷನ ತೇರಿನ ಮರಗೆಲಸ ಅವರ ಹಿರಿಯರದ್ದೇ ಎಂಬ ಪ್ರತೀತಿಯಿದೆ. ದೊಡ್ಡದು ಮಾಡಿದ ಕೈ ಸಣ್ಣದನ್ನೂ ಮಾಡುತ್ತದೆ.

ಎಲ್ಲಕ್ಕೂ ಮಿಗಿಲು ವಿಠ್ಠಲನ ಗುಡಿಯ ಕಲ್ಲಿನ ರಥ. ಮರದ ತೇರಿನ ಪ್ರತಿಕೃತಿ ಅದು, ಒಳಗೆ ಇದ್ದವನು ಗರುಡ. ಗರುಡನೇ ವಿಷ್ಣುವಿನ ವಾಹನ, ಆ ವಾಹನಕ್ಕೆ ಇನ್ನೊಂದು ವಾಹನ. ಒಂದೇ ಬಂಡೆಯಂತೆ ಕಂಡರೂ ಹಲವು ಕಲ್ಲುಗಳ ಜೋಡಣೆ, ಸಂದಿಗಳನ್ನೆಲ್ಲ ಕೆತ್ತನೆಯಲ್ಲಿ ಅಡಗಿಸಿದ್ದಾರೆ. ಮಾಡೆಲ್ ಮಾಡುವವರು ಪುಟ್ಟಿ ಮೆತ್ತಿ ಸಂದಿ ಮುಚ್ಚಲು ಒದ್ದಾಡುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಮುಂದಿನ ಆನೆಗಳು ಮೂಲದವಲ್ಲ, ಮೊದಲು ಅಲ್ಲಿದ್ದವು ಕುದುರೆಗಳು. ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಬಾಲ, ಹಿಂಗಾಲಿನ ಗುರುತು ಇನ್ನೂ ಕಾಣುತ್ತದೆ. ಮೂಲ ಪಾರ್ಟು ಸಿಗದಿದ್ದರೆ ಬೇರೆ ಕಂಪನಿಯದ್ದು ಹಾಕುವ ಪದ್ಧತಿ ಇವತ್ತಿನದಲ್ಲ ಎಂದಾಯಿತು. 1856ರಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿ ತೆಗೆದ ಫೋಟೋದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಇಲ್ಲ. ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವಂತೆ, ಜನ ತಿರುಗಿಸಿ ತಿರುಗಿಸಿ ಸವೆಸುತ್ತಾರೆಂದು ಬಿಗಿ ಮಾಡಿದರು. ರಿಮೋಟ್ ಒಂದು ಬಿಟ್ಟರೆ ಭಾವನ ಗಾಡಿಗಿಂತ ಅದಕ್ಕೆ ಕಡಿಮೆಯೇನಿದೆ ಹೇಳಿ.

ಆದರೆ ಸಣ್ಣ ಥಾರನ್ನು ಆ ಕಡೆಗೆ ಒಯ್ಯುವ ಮಾತೇ ಇಲ್ಲ. 2019ರಲ್ಲಿ ಹಂಪಿಯ ಕಂಬ ಕೆಡವಿ ವಿಡಿಯೋ ಮಾಡಿದ ಹುಡುಗರಿಗೆ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನೂ ಅವರ ಕೈಯಲ್ಲೇ ನಿಲ್ಲಿಸಿತ್ತು. ಭಾವನಿಗೆ ಆ ಸುದ್ದಿ ಕಂಠಪಾಠ. ಸ್ಮಾರಕಗಳಿಂದ ದೂರ, ಹೊಳೆಯಾಚೆ ಸಣಾಪುರದ ಕಡೆಯ ಬರೀ ಬಂಡೆಗಳೇ ಅವರ ಕಣ. ಬಂಡೆ ಹತ್ತಲು ದೇಶ ವಿದೇಶದವರು ಬೆನ್ನಿಗೆ ಹಾಸಿಗೆ ಕಟ್ಟಿಕೊಂಡು ಬರುವ ಜಾಗ ಅದು. ಆ ಗ್ರಾನೈಟಿನ ಒರಟು ಮೈಗೆ ಮೆತ್ತನೆಯ ರಬ್ಬರ್ ಟೈರು ಹಲ್ಲಿಯ ಹಾಗೆ ಕಚ್ಚಿಕೊಂಡಿತು. ಕಡಿದಾದ ಜಾಗದಲ್ಲಿ ಮುಂದಿನ ಗಾಲಿ ಒಂದು ಮೇಲೆದ್ದು ಗಾಳಿಯಲ್ಲಿ ತಿರುಗುತ್ತ, ಉಳಿದ ಮೂರು ಗಾಲಿ ಇಂಚಿಂಚು ಏರುತ್ತ, ಮೋಟಾರು ಸೊಳ್ಳೆಯ ದನಿಯಲ್ಲಿ ರಾಗ ಎಳೆಯುತ್ತಿರುವಾಗ ಭಾವ ತಾವೇ ಒಳಗೆ ಕೂತಿದ್ದೇನೆಂಬಂತೆ ಸೊಂಟ ವಾಲಿಸುತ್ತಿದ್ದರು.

1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೋ ತರಂಗದಿಂದ ಸಣ್ಣ ದೋಣಿಯೊಂದನ್ನು ನಡೆಸಿ ತೋರಿಸಿದಾಗ, ಒಳಗೆ ಪಳಗಿಸಿದ ಕೋತಿಯನ್ನು ಕೂಡಿಸಿರಬೇಕೆಂದು ಕೆಲವರು ಅನುಮಾನಪಟ್ಟರಂತೆ. ಕಿಷ್ಕಿಂಧೆಯಲ್ಲಿ ಆ ಅನುಮಾನಕ್ಕೆ ಜಾಗವಿಲ್ಲ, ಕೋತಿಗಳು ಹೊರಗೇ ಇವೆ. ಬಂಡೆಯ ನೆತ್ತಿಯಿಂದ ಒಂದು ಇಳಿದು ಬಂದು ಗಾಡಿಯ ಮುಂದೆ ಕೂತಿತು. ಟೈರು ಮೂಸಿತು. ತಿನ್ನುವ ವಸ್ತುವಲ್ಲವೆಂದು ಖಾತ್ರಿಯಾದ ಮೇಲೆ ಸ್ಟೆಪ್ನಿ ಕಿತ್ತುಕೊಂಡು ಹೋಯಿತು. ಪುರಾಣಕಾಲದಿಂದ ಅಲ್ಲಿ ಅವರದ್ದೇ ಆಡಳಿತ, ದೂರು ಕೊಡುವುದು ಯಾರಿಗೆ.

ನೀರಿನ ಪರೀಕ್ಷೆಗೆ ಕಂಪ್ಲಿ ಆಯಿತು. ಜಲಾಶಯದಿಂದ ನೀರು ಬಿಟ್ಟರೆ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಬಂದ್ ಆಗುತ್ತದೆ. ಅಂಥ ಊರಲ್ಲಿ ಗೆದ್ದರೆ ಗಾಡಿಗೆ ಒಂದು ಗೌರವ ಎಂಬುದು ಭಾವನ ಆಲೋಚನೆ. ರಿಸೀವರನ್ನು ರಬ್ಬರ್ ಅಂಚಿನ ಡಬ್ಬಿಯಲ್ಲಿ ಮುಚ್ಚಿ, ನಾಟಿಗೆ ಹದ ಮಾಡಿದ ಗದ್ದೆಯ ಅಂಚಿಗೆ ಬಿಟ್ಟರು. ಮಾರು ದೂರ ಹೋಯಿತು. ಆಮೇಲೆ ಗಾಲಿ ತಿರುಗಿದಷ್ಟೂ ಗಾಡಿ ಕೆಳಗೆ ಹೋಯಿತು. ಬದುವಿನ ಮೇಲೆ ಒಬ್ಬ ಹುಡುಗ ತನ್ನ ಟ್ರ್ಯಾಕ್ಟರು ಹಿಡಿದು ನಿಂತಿದ್ದ. ಹಲಗೆಯ ತುಂಡು, ಪ್ಲಾಸ್ಟಿಕ್ ಪೈಪು, ಯಾವುದೋ ಹಳೇ ಯಂತ್ರದ ಮೋಟಾರು ಸೇರಿಸಿ ಅವರ ಮನೆಯ ಟ್ರ್ಯಾಕ್ಟರಿನಂತೆಯೇ ಮಾಡಿಕೊಂಡದ್ದು, ಹಿಂದೆ ಕಬ್ಬಿನ ಟ್ರೇಲರು, ಮುಂದೆ ಜರಿ ರಿಬ್ಬನ್ನು. ಸುಂಕ ಕಟ್ಟಿದ್ದು ಯಾವುದೂ ಇಲ್ಲ. "ನಿಮ್ದು ಎಷ್ಟು ಲೋಡ್ ಎಳಿತೈತ್ರಿ?" ಎಂದ. ಭಾವನ ಬಳಿ ಉತ್ತರವಿರಲಿಲ್ಲ. ಹುಡುಗ ಗಾಲಿಗಳಿಗೆ ತಂತಿಯ ಕೇಜ್ ವೀಲ್ ಸಿಕ್ಕಿಸಿ ಗದ್ದೆಗೆ ಇಳಿಸಿದ, ಹುರಿಹಗ್ಗದ ಗಂಟು ಹಾಕಿದ, ಥಾರನ್ನು ಹಿಮ್ಮುಖವಾಗಿ ಎಳೆದು ಬದುವಿಗೆ ತಂದ. ಕಂಪ್ಲಿಯ ಸುದ್ದಿಯನ್ನು ಮನೆಯಲ್ಲಿ ಹೇಳಬಾರದೆಂದು ಭಾವ ನನ್ನಿಂದ ಮಾತು ತೆಗೆದುಕೊಂಡಿದ್ದರು. ನಾನು ಹೇಳಲಿಲ್ಲ, ಬರೆದೆ ಅಷ್ಟೆ.

ಆಯುಧಪೂಜೆಗೆ ಎರಡೂ ಗಾಡಿಗಳು ಅಂಗಳದಲ್ಲಿ ಪಕ್ಕಪಕ್ಕ ನಿಂತವು. ದೊಡ್ಡದಕ್ಕೆ ಬಾಳೆಕಂದು, ಸಣ್ಣದಕ್ಕೆ ಗರಿಕೆ. ದೊಡ್ಡದು ನಾಲ್ಕು ನಿಂಬೆಹಣ್ಣು ಚಪ್ಪಟೆ ಮಾಡಿ ಗಂಭೀರವಾಗಿ ಮುಂದೆ ಬಂತು. ಐನೋರು ಸಣ್ಣದರ ಮುಂದೆಯೂ ಅದೇ ಗಾತ್ರದ ಹಣ್ಣು ಇಟ್ಟರು. ಎಂಟು ಸೆಂ.ಮೀ. ಟೈರು, ನಾಲ್ಕು ಸೆಂ.ಮೀ. ನಿಂಬೆಹಣ್ಣು! ಅದರ ಪಾಲಿಗೆ ಅದು ಮೊಣಕಾಲೆತ್ತರದ ಬಂಡೆ. ಮುಂದಿನ ಗಾಲಿ ಹತ್ತಿ ಇಳಿಯಿತು. ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಎರಡೂಕಾಲು ಸೆಂ.ಮೀ. ಮಾತ್ರ, ಹಣ್ಣು ಅಲ್ಲಿ ಸಿಕ್ಕಿಕೊಂಡಿತು. ಸಣಾಪುರದ ಬಂಡೆ ಹತ್ತಿದ ಗಾಡಿ ನಿಂಬೆಹಣ್ಣಿನ ಮೇಲೆ ಹೊಟ್ಟೆ ಊರಿ, ಮೇಲೆದ್ದ ಗಾಲಿಗಳನ್ನು ಗರಗರ ತಿರುಗಿಸಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಭಾವ ಅದನ್ನು ಎತ್ತಿ ಪಕ್ಕಕ್ಕಿಟ್ಟು, ದೊಡ್ಡ ಗಾಡಿಗೆಂದು ಐನೂರು ರೂಪಾಯಿ, ಸಣ್ಣದಕ್ಕೆಂದು ಕಲ್ಲಿನ ರಥದ ಚಿತ್ರವಿರುವ ಐವತ್ತರ ನೋಟು ತಟ್ಟೆಗೆ ಹಾಕಿದರು.

"ಇದ್ಯಾಕ್ರೀ ಐವತ್ತು?"

"ಇದು ಹತ್ತರಲ್ಲೊಂದು ಅಲ್ರೀ ಐನೋರೆ."

ಐನೋರು ತಟ್ಟೆ ಎತ್ತಲಿಲ್ಲ. "ಮಂತ್ರ ನಾ ಪೂರ್ತಿ ಹೇಳೀನಲ್ಲಪ್ಪಾ" ಅಂದರು.