ನಿಂತಲ್ಲೇ ನೂರೈವತ್ತು ಕುದುರೆ

ಸಂಜೆ ಆರೂವರೆಗೆ ಹೈದರಾಬಾದಿನ ಮಾದಾಪುರದ ಸೈಬರ್ ಟವರ್ಸ್ ಮುಂದೆ ಎಲ್ಲ ಕಾರುಗಳೂ ಸಮಾನ. ಒಂದೂವರೆ ಕೋಟಿಯದ್ದಾಗಲಿ, ಮೂರನೇ ಕೈಯಿಂದ ಕೊಂಡದ್ದಾಗಲಿ, ಮೊಬೈಲ್ ನೋಡುತ್ತ ಫುಟ್‌ಪಾತ್ ಮೇಲೆ ನಡೆದುಹೋಗುವ ಹುಡುಗನಿಗಿಂತ ಒಂದು ಗುಲಗಂಜಿ ತೂಕ ನಿಧಾನವಾಗಿಯೇ ಎಲ್ಲವೂ ತೆವಳಬೇಕು. 1998ರಲ್ಲಿ ವಾಜಪೇಯಿಯವರು ಈ ಕಟ್ಟಡ ಉದ್ಘಾಟಿಸಿದಾಗ ಸುತ್ತಮುತ್ತ ಬರೀ ಬಂಡೆಗಳಿದ್ದವಂತೆ. ಬಂಡೆಗಳನ್ನು ಒಡೆದು ರಸ್ತೆ ಮಾಡಿದರು. ಈಗ ಅದೇ ಜಾಗದಲ್ಲಿ ಅಲ್ಲಾಡದೆ ನಿಲ್ಲುವ ಕೆಲಸವನ್ನು ವಾಹನಗಳು ವಹಿಸಿಕೊಂಡಿವೆ.

ಇಂಥ ಊರಿನಲ್ಲಿ ನಾನೊಂದು ಟರ್ಬೊ ಕಾರು ಸಾಕಿಕೊಂಡಿದ್ದೇನೆ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. 2004ರಲ್ಲಿ ನಮ್ಮ ದೇಶಕ್ಕೆ ಬಂದ ಈ ಕಾರು ಇಲ್ಲಿ ಮಾರಾಟವಾದ ಮೊದಮೊದಲ ಟರ್ಬೊ ಪೆಟ್ರೋಲ್ ಗಾಡಿಗಳಲ್ಲಿ ಒಂದು. 1781 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, ಸಿಲಿಂಡರಿಗೆ ಐದರಂತೆ 20 ವಾಲ್ವ್, 150 ಅಶ್ವಶಕ್ತಿ. ಯುರೋಪಿನಲ್ಲಿದ್ದ ಇದರ ಅಣ್ಣನಿಗೆ 180. ಬಣ್ಣ ಹಳದಿ. ಎಂಥ ಹಳದಿಯೆಂದರೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಲೈಟು ಹೋದರೂ ದಾರಿ ಕಾಣುತ್ತದೆ.

ಕಾರು ಮನೆಗೆ ಬಂದ ವರ್ಷ ಮೈಸೂರಿನಿಂದ ಬಂದಿದ್ದ ಅಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದೆ ನಿಂತು, ಕನ್ನಡಕ ಏರಿಸಿ ಬ್ಯಾಡ್ಜ್ ಓದಿದರು. 2001ರಲ್ಲಿ ಬ್ಯಾಂಕುಗಳಲ್ಲಿ ಸ್ವಯಂ ನಿವೃತ್ತಿಯ ಗಾಳಿ ಬೀಸಿದಾಗ ಅದನ್ನು ತೆಗೆದುಕೊಂಡು ಮನೆಗೆ ಬಂದವರು ಅವರು. "ವಿಆರ್‌ಎಸ್ ಅಂತ ಬರೆದೇ ಇದೆಯಲ್ಲೋ. ಇನ್ನೂ ಯಾಕೆ ದುಡಿಸ್ತೀಯ ಪಾಪ" ಅಂದರು. ನಮ್ಮನೆಯಲ್ಲಿ ಅಂದಿನಿಂದ ಕಾರಿಗೆ ಪೆನ್ಷನರ್ ಎಂದೇ ಹೆಸರು.

ಟರ್ಬೊ ಅನ್ನುವುದು ಮೂಲತಃ ಜಿಪುಣನ ಯೋಚನೆ. ಎಂಜಿನ್ ಉಗುಳುವ ಹೊಗೆ ಸುಮ್ಮನೆ ಹೊರಗೆ ಹೋಗುತ್ತದಲ್ಲ, ಅದರ ರಭಸದಲ್ಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನ ಬಾಯಿಗೆ ತುರುಕಿದರೆ ಹೇಗೆ? ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಆಲ್ಫ್ರೆಡ್ ಬುಕಿ ಎಂಬ ಸ್ವಿಸ್ ಎಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಕಾರಿನೊಳಗೆ ಅದು ಬರಲು 1962 ಆಯಿತು. ಆ ವರ್ಷ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿಗೆ ಪೆಟ್ರೋಲಿನ ಜೊತೆಗೆ 'ಟರ್ಬೊ ರಾಕೆಟ್ ಫ್ಲೂಯಿಡ್' ಎಂಬ ಇನ್ನೊಂದು ತೀರ್ಥವನ್ನೂ ಕುಡಿಸಬೇಕಿತ್ತು. ಹೆಚ್ಚುಕಡಿಮೆ ಬಟ್ಟಿ ಇಳಿಸಿದ ನೀರಿಗೆ ಮೆಥನಾಲ್ ಬೆರೆಸಿದ್ದು, ಅಷ್ಟೆ. ಎಷ್ಟೋ ಮಾಲೀಕರು ಅದನ್ನು ತುಂಬಿಸುವುದನ್ನೇ ಮರೆತರು. ಕೊನೆಗೆ ಟರ್ಬೊ ಕಳಚಿ ಸಾದಾ ಕಾರ್ಬ್ಯುರೇಟರ್ ಹಾಕಿಸಿಕೊಂಡು ನೆಮ್ಮದಿಯಾದವರೂ ಇದ್ದರು. ಇದನ್ನು ನನ್ನ ಹೆಂಡತಿಗೆ ಹೇಳಬಾರದಿತ್ತು. "ಕಳಚಿಸಬಹುದಾ ಹಾಗಾದ್ರೆ?" ಎಂದು ಕೇಳಿದಳು.

ಕಾಲಿಟ್ಟ ತಕ್ಷಣ ಓಡುವ ಜಾತಿಯಲ್ಲ ಟರ್ಬೊ. ಹೊಗೆ ಸಾಕಷ್ಟು ಸೇರಿ, ಚಕ್ರ ವೇಗ ಹಿಡಿದು, ಗಾಳಿ ಒತ್ತುವವರೆಗೆ ಕಾಯಬೇಕು. ಮುಹೂರ್ತ ಮುಗಿದ ಮೇಲೆ ಬಂದು, ಬಂದವನೇ ಇಡೀ ಪಂಕ್ತಿಗೆ ಬಡಿಸುವ ಉಸ್ತುವಾರಿ ವಹಿಸಿಕೊಳ್ಳುವ ದೂರದ ಚಿಕ್ಕಪ್ಪನ ಹಾಗೆ, ಬರುವುದು ತಡ, ಬಂದ ಮೇಲೆ ತಡೆಯುವವರಿಲ್ಲ. ತೊಂದರೆಯೇನೆಂದರೆ ಚಿಕ್ಕಪ್ಪ ಬರುವ ಹೊತ್ತಿಗೆ ಮಾದಾಪುರದಲ್ಲಿ ಮುಂದಿನ ಆಟೋದ ಬೆನ್ನು ಬಂದಿರುತ್ತದೆ. ಅಯ್ಯಪ್ಪ ಸೊಸೈಟಿಯಿಂದ ಮೈಂಡ್‌ಸ್ಪೇಸ್‌ವರೆಗೆ ನನ್ನ ಟರ್ಬೊ ಕಣ್ಣೇ ಬಿಡದೆ ಮಲಗಿ ಪ್ರಯಾಣ ಮಾಡುತ್ತದೆ.

ಆದರೂ ಅದರ ಉಪಚಾರ ತಪ್ಪುವುದಿಲ್ಲ. ಟರ್ಬೊದ ಅಚ್ಚು ಭರದಲ್ಲಿದ್ದಾಗ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಅದು ತೇಲುವುದು ಎಳೆಯಷ್ಟು ತೆಳ್ಳಗಿನ ಎಣ್ಣೆಯ ಪದರದ ಮೇಲೆ. ಬಿಸಿಯಲ್ಲಿರುವಾಗ ಗಕ್ಕನೆ ಎಂಜಿನ್ ನಿಲ್ಲಿಸಿದರೆ ಎಣ್ಣೆಯ ಹರಿವು ನಿಂತು, ಅಲ್ಲೇ ಉಳಿದದ್ದು ಸುಟ್ಟು ಕರಿಕಟ್ಟುತ್ತದೆ. ಹಾಗಾಗಿ ಗಾಡಿ ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಎಂಜಿನ್ ಓಡುತ್ತಿರಲಿ ಎಂದು ಹಳಬರ ನಿಯಮ. ನಾನು ಪಾಲಿಸುತ್ತೇನೆ. ಸ್ಟೀರಿಂಗ್ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ನೆಲಮಾಳಿಗೆಯಲ್ಲಿ ಕೂತಿರುತ್ತೇನೆ. ಮೊದಮೊದಲು ವಾಚ್‌ಮನ್ ದೂರದಿಂದ ನೋಡುತ್ತಿದ್ದ. ಒಂದು ದಿನ ಗಾಜು ತಟ್ಟಿ, ದನಿ ತಗ್ಗಿಸಿ, "ಇಂಟ್ಲೋ ಅಂತಾ ಬಾಗೇನಾ ಸಾರ್?" ಎಂದು ಮನೆಯ ಕ್ಷೇಮ ವಿಚಾರಿಸಿದ. ಮನೆಗೆ ಹೋಗಲು ಹೆದರಿ ಕೂತಿದ್ದೇನೆಂದು ಅವನ ಲೆಕ್ಕ. ಟರ್ಬೊ ತಣಿಯಲಿ ಎಂದು ಕೂತಿದ್ದೇನಪ್ಪ ಅಂದೆ. ಅವನ ಮುಖದಲ್ಲಿ ಅನುಕಂಪ ಇನ್ನಷ್ಟು ಹೆಚ್ಚಾಯಿತು.

ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ ಮೊದಲು ಸೋಲುವುದು ಕಬ್ಬಿಣವಲ್ಲ, ರಬ್ಬರ್ರು. ಹೈದರಾಬಾದಿನ ಮೇ ತಿಂಗಳಿನಲ್ಲಿ ಬಾನೆಟ್ಟಿನ ಕೆಳಗಿನ ಸೆಕೆ ಊಹಿಸಿಕೊಳ್ಳಿ. ಅಲ್ಲಿ ಬೆರಳು ಗಾತ್ರದಿಂದ ತೋಳು ಗಾತ್ರದವರೆಗಿನ ಪೈಪುಗಳ ಸಂಸಾರವೇ ಇದೆ. ಒಂದು ಕಡೆ ಕೂದಲೆಳೆಯ ಬಿರುಕು ಬಿಟ್ಟರೆ ಸಾಕು, ಟರ್ಬೊ ಕಷ್ಟಪಟ್ಟು ಒತ್ತಿದ ಗಾಳಿ ಪುಸ್ಸೆಂದು ಹೊರಗೆ. ಕಂಪ್ಯೂಟರಿಗೆ ಲೆಕ್ಕ ತಪ್ಪಿ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ನನ್ನ ಪೆನ್ಷನರ್‌ಗೂ ಹೀಗಾಯಿತು. ಒತ್ತಿದರೆ ಸಿಳ್ಳೆ ಬರುತ್ತಿತ್ತು, ವೇಗ ಬರುತ್ತಿರಲಿಲ್ಲ.

ಆಗ ಒಬ್ಬ ಲ್ಯಾಪ್‌ಟಾಪ್ ಹುಡುಗ ಸಿಕ್ಕ. ಮಾದಾಪುರದಲ್ಲಿ ಯಾವ ಕಾಯಿಲೆಗೂ ಮೊದಲು ಸಿಗುವುದು ಲ್ಯಾಪ್‌ಟಾಪ್ ಹುಡುಗನೇ. "ಸಾರ್, ಸ್ಟೇಜ್ ಒನ್ ಮಾಡಿಸಿಬಿಡಿ. 150 ಇರೋದು 190 ಆಗುತ್ತೆ" ಎಂದ. ಎಂಜಿನ್ನಿನ ಕಂಪ್ಯೂಟರಿನಲ್ಲಿ ಗಾಳಿಯ ಒತ್ತಡ ಎಷ್ಟಿರಬೇಕು, ಪೆಟ್ರೋಲು ಎಷ್ಟು, ಕಿಡಿ ಯಾವಾಗ ಎಂಬ ಕೋಷ್ಟಕಗಳಿರುತ್ತವೆ. ಅವನ್ನು ತಿದ್ದಿದರೆ ಸ್ಪ್ಯಾನರ್ ಮುಟ್ಟದೆಯೇ ಶಕ್ತಿ ಏರುತ್ತದೆ. ಇದು ಸುಳ್ಳಲ್ಲ. ನಲವತ್ತು ಹೊಸ ಕುದುರೆಗಳ ಕನಸಿನಲ್ಲಿ ನಾನು ಆ ರಾತ್ರಿ ಎಕ್ಸೆಲ್ ಹಾಳೆ ತೆರೆದೆ.

ಹಾಳೆ ಬೆಳೆಯಿತು. ಶಕ್ತಿ ಏರಿದರೆ ಹಳೇ ಕ್ಲಚ್ ಜಾರುತ್ತದೆ, ಆದ್ದರಿಂದ ಕ್ಲಚ್. ವೇಗ ಏರಿದರೆ ನಿಲ್ಲಬೇಕಲ್ಲ, ಆದ್ದರಿಂದ ಬ್ರೇಕು. ಬ್ರೇಕು ಹಿಡಿದರೂ ಟೈರು ಹಿಡಿಯಬೇಕಲ್ಲ, ಆದ್ದರಿಂದ ಟೈರು. ಟೈರು ಹಿಡಿದರೆ ಹಳೇ ಶಾಕ್ ಅಬ್ಸಾರ್ಬರ್ ತಾಳಬೇಕಲ್ಲ. ಒತ್ತಿದ ಗಾಳಿ ಕಾಯುತ್ತದೆ, ತಣಿಸಲು ದೊಡ್ಡ ಇಂಟರ್‌ಕೂಲರ್. ಎಂಜಿನ್ ಬಡಿಯದಿರಲು ಹೆಚ್ಚು ಆಕ್ಟೇನ್ ಪೆಟ್ರೋಲು, ಅಂದರೆ ಲೀಟರಿಗೆ ನೂರೈವತ್ತು ದಾಟುವ ಎಕ್ಸ್‌ಪಿ 100. ಕೊನೆಯಲ್ಲಿ ಮೊತ್ತ ನೋಡಿದರೆ ಕಾರಿಗೆ ಕೊಟ್ಟ ದುಡ್ಡನ್ನು ಅದು ಹಿಂದಿಕ್ಕಿ ಹೋಗಿತ್ತು. ಹೆಂಡತಿ ಹಿಂದಿನಿಂದ ಬಂದು ಹಾಳೆ ನೋಡಿ, "ಇಷ್ಟೆಲ್ಲ ಮಾಡಿ ಆಫೀಸಿಗೆ ಎಷ್ಟು ನಿಮಿಷ ಬೇಗ ಹೋಗ್ತೀರಿ?" ಎಂದಳು. ಎಕ್ಸೆಲ್‌ನಲ್ಲಿ ಆ ಕಾಲಮ್ ಇರಲಿಲ್ಲ.

ಮೇಲಿನ ಮಹಡಿಯ ಯುವಕನ ಬಳಿ ವಿದ್ಯುತ್ ಕಾರಿದೆ. ಅವನು ಮಲಗಿದ್ದಾಗ ಅದು ವೈಫೈನಲ್ಲಿ ತಾನೇ ಅಪ್‌ಗ್ರೇಡ್ ಆಗುತ್ತದೆ. ನನ್ನದು ಅಪ್‌ಗ್ರೇಡ್ ಆಗಬೇಕಾದರೆ ನಾನು ನಿದ್ದೆಗೆಡಬೇಕು. ಸಿಗ್ನಲ್ಲಿನಲ್ಲಿ ನನ್ನ ಟರ್ಬೊ ಆಕಳಿಸುವಷ್ಟರಲ್ಲಿ ಅವನು ಮುಂದಿನ ಸಿಗ್ನಲ್ಲಿನಲ್ಲಿರುತ್ತಾನೆ. ಆದರೆ ಭಾನುವಾರ ಬೆಳಿಗ್ಗೆ ನಾನು ಬಾನೆಟ್ ಎತ್ತಿದರೆ ಕಾಫಿ ಲೋಟ ಹಿಡಿದು ಬಂದು ಪಕ್ಕ ನಿಲ್ಲುವವನೂ ಅವನೇ. ಅವನ ಕಾರಿನಲ್ಲಿ ಎತ್ತಿದರೆ ನೋಡಲು ಏನೂ ಇಲ್ಲವಂತೆ.

ಅಂತೂ ಕನಸನ್ನು ಹೊತ್ತು ಬೋರಬಂಡದ ಕಡೆ ಇಳಿಯುವ ಗಲ್ಲಿಯೊಂದರ ಉಸ್ತಾದರ ಶೆಡ್ಡಿಗೆ ಹೋದೆ. ಅರವತ್ತರ ಹತ್ತಿರದವರು, ಕಿವಿಯ ಮೇಲೊಂದು ಪೆನ್ಸಿಲ್ಲು. ನಲವತ್ತು ಕುದುರೆಗಳ ಕತೆಯನ್ನು ತಾಳ್ಮೆಯಿಂದ ಕೇಳಿದರು. "ಪಹಲೇ ಡೇಢ್ ಸೌ ಕೂ ಡೇಢ್ ಸೌ ಬನಾವ್ ಸಾಬ್" ಎಂದರು. ಮೊದಲು ನೂರೈವತ್ತನ್ನು ನೂರೈವತ್ತು ಮಾಡು. ಇಷ್ಟು ವರ್ಷದಲ್ಲಿ ಎಷ್ಟು ಕುದುರೆ ಓಡಿಹೋಗಿವೆಯೋ, ಅವುಗಳನ್ನು ಹಿಡಿದು ತರೋಣ, ಹೊಸವು ಆಮೇಲೆ.

ಹಿಡಿಯುವ ವಿಧಾನ ಕಣ್ಣಾರೆ ಕಂಡೆ. ಒಂದು ಹಳೇ ಬಣ್ಣದ ಡಬ್ಬ. ಮುಚ್ಚಳಕ್ಕೆ ಎರಡು ತೂತು, ಒಂದರಲ್ಲಿ ಡೀಸೆಲ್ ಎಂಜಿನ್ನಿನ ಗ್ಲೋ ಪ್ಲಗ್, ಇನ್ನೊಂದರಲ್ಲಿ ಪಾರದರ್ಶಕ ಪೈಪು. ಒಳಗೆ ಬೇಬಿ ಆಯಿಲ್‌ನಲ್ಲಿ ಅದ್ದಿದ ಹತ್ತಿ. ಬ್ಯಾಟರಿಯ ತಂತಿ ಮುಟ್ಟಿಸಿದ ಕೂಡಲೇ ಡಬ್ಬದೊಳಗೆ ದಟ್ಟ ಬಿಳಿ ಹೊಗೆ, ಜೊತೆಗೆ ಎಳೆ ಮಗುವಿನ ವಾಸನೆ. ಕಂಪ್ರೆಸರಿನ ಗಾಳಿಯನ್ನು ತೀರ ಸಣ್ಣಗೆ ಬಿಟ್ಟು ಆ ಹೊಗೆಯನ್ನು ಎಂಜಿನ್ನಿನ ಮೂಗಿಗೆ ಊದಿದರು. ಬೀಡಿ ಆರಿಸಿ, ಫ್ಯಾನ್ ನಿಲ್ಲಿಸಿ, ನಾವೆಲ್ಲ ಬಗ್ಗಿ ನಿಂತೆವು. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಇನ್‌ಟೇಕ್ ಮ್ಯಾನಿಫೋಲ್ಡಿನ ಕೆಳಗಿನ ಮೊಣಕೈ ಆಕಾರದ ಪೈಪಿನಿಂದ ಒಂದು ಎಳೆ ಹೊಗೆ ನಿಧಾನವಾಗಿ ಎದ್ದಿತು. ನಂತರ ಇನ್ನೊಂದು ಕಡೆ. ನಂತರ, ಕಾಲು ತೆಗೆದಾಗ ಮಿಕ್ಕ ಗಾಳಿಯನ್ನು ಹಿಂದಕ್ಕೆ ತಿರುಗಿಸುವ ಡೈವರ್ಟರ್ ವಾಲ್ವಿನ ಬುಡದಲ್ಲಿ. ಉಸ್ತಾದರು ಪ್ರತಿ ಎಳೆಗೂ ಪೆನ್ಸಿಲ್ ತೋರಿಸಿ, "ಏಕ್ ಘೋಡಾ ಇದರ್ ಸೇ ಗಯಾ. ದೋ ಉದರ್ ಸೇ" ಎಂದು ಎಣಿಸುತ್ತ ಹೋದರು.

ಪೈಪುಗಳನ್ನು ಹುಡುಕುವುದೇ ಒಂದು ಪರ್ವ. ಇದೇ 1.8 ಟರ್ಬೊ ಎಂಜಿನ್ ಆಡಿ ಟಿಟಿಯಲ್ಲೂ ಗಾಲ್ಫ್ ಜಿಟಿಐಯಲ್ಲೂ ಇದ್ದ ಕಾರಣ ಜಗತ್ತಿನಲ್ಲಿ ಬಿಡಿಭಾಗಗಳಿಗೆ ಬರವಿಲ್ಲ. ಬರ ಇರುವುದು ನಾವಿರುವ ಕಡೆ. ಕೆಲವು ಸಿಕಂದರಾಬಾದಿನ ರಾಣಿಗಂಜಿನಲ್ಲಿ ಸಿಕ್ಕವು, ಕೆಲವು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಡೈವರ್ಟರ್ ವಾಲ್ವಿಗೆ ಮಾತ್ರ '710ಎನ್' ಎಂಬ ಗಟ್ಟಿ ನಮೂನೆಯೇ ಬೇಕು ಎಂದು ಬಲ್ಲವರೆಲ್ಲ ಹೇಳುತ್ತಾರೆ. ಅದು ಜರ್ಮನಿಯಿಂದ ರಜೆಗೆ ಬಂದ ಭಾವಮೈದನ ಸೂಟ್‌ಕೇಸಿನಲ್ಲಿ, ಎರಡು ಮೊಳ ಸಿಲಿಕೋನ್ ಪೈಪಿನ ಸಮೇತ ಬಂತು. ಮಕ್ಕಳು ಚಾಕೊಲೇಟಿಗೆ ಕೈ ಹಾಕಿ ಪೈಪು ಎಳೆದರು. ಹೆಂಡತಿ ತನ್ನ ಅಣ್ಣನ ಜೊತೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಟೈಮಿಂಗ್ ಬೆಲ್ಟನ್ನೂ ಇದೇ ಸುತ್ತಿನಲ್ಲಿ ಬದಲಿಸಿದೆವು. ಓಡುತ್ತಿರುವಾಗ ಅದು ತುಂಡಾದರೆ ಪಿಸ್ಟನ್ನುಗಳು ವಾಲ್ವುಗಳಿಗೆ ಗುದ್ದುತ್ತವೆ, ಮತ್ತು ಇದರಲ್ಲಿ ವಾಲ್ವು ಎಷ್ಟಿವೆ ಎಂಬುದನ್ನು ಆಗಲೇ ಹೇಳಿದ್ದೇನೆ.

ಸ್ಟೇಜ್ ಒನ್ ಅಲ್ಲಿಗೇ ನಿಂತಿತು. ಕಾನೂನೂ ಅದನ್ನು ಮೆಚ್ಚುವಂಥದ್ದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದ್ದೇ ಇತ್ತು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಹದಿನೈದು ವರ್ಷ ಮೀರಿದ ಗಾಡಿಯ ಆರ್‌ಸಿ ನವೀಕರಿಸಲು ಹೋದಾಗ, ಚಾಸಿ ನಂಬರ್ ನೋಡಲು ಬಂದ ಅಧಿಕಾರಿ ಟರ್ಬೊ ನೋಡಿ ಏನು ಕೇಳುತ್ತಾರೋ ಎಂದು ನನಗೆ ಎದೆ ಡವಗುಟ್ಟುತ್ತಿತ್ತು. ಅವರು ಬಹಳ ಹೊತ್ತು ಬಗ್ಗಿ ನೋಡಿ ತಲೆಯೆತ್ತಿ, "ಮೈಲೇಜ್ ಎಂತ ಇಸ್ತದಿ?" ಎಂದರು.

ಹಳದಿ ಕಾರಿನ ವಿಷಯದಲ್ಲಿ ಈ ಊರಿಗೊಂದು ಪರಂಪರೆಯೂ ಇದೆ. ಆರನೇ ನಿಜಾಮರು ತರಿಸಿದ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಚೌಮಹಲ್ಲಾ ಅರಮನೆಯಲ್ಲಿದೆ. ಅದು ಬಂದಿಳಿಯುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡಿದ್ದರು. ಆಮೇಲೆ ಮಗನ ಕಾಲದಲ್ಲಿ ಮೆರವಣಿಗೆಗೆ ಹೊರಟದ್ದೆಲ್ಲ ಸೇರಿಸಿದರೂ ಅದು ಓಡಿದ್ದು ಕೆಲವೇ ನೂರು ಮೈಲಿ. ಮಾದಾಪುರದ ಸಂಜೆಯನ್ನು ನಿಜಾಮರು ಮೊದಲೇ ಊಹಿಸಿದ್ದರೇನೋ.

ದಸರಾ ಬಂದರೆ ಮೈಸೂರಿನವರು ಜನಜಂಗುಳಿ ತಪ್ಪಿಸಿಕೊಳ್ಳಲು ಊರು ಬಿಡುತ್ತಾರೆ. ಅಪ್ಪ ನಮ್ಮಲ್ಲಿಗೆ ಬಂದರು. ಅದೇ ದಸರಾಕ್ಕೆ ಹೈದರಾಬಾದಿನವರೂ ಗಂಟುಮೂಟೆ ಕಟ್ಟಿ ತಮ್ಮ ತಮ್ಮ ಊರಿಗೆ ಹೊರಡುವುದರಿಂದ ಮಾದಾಪುರ ವರ್ಷಕ್ಕೊಮ್ಮೆ ಖಾಲಿಯಾಗುತ್ತದೆ. ಆಯುಧಪೂಜೆ ಮುಗಿಸಿ, ಚಕ್ರದಡಿ ನಿಂಬೆಹಣ್ಣು ಒಡೆದು, ಹಣೆಗೆ ಕುಂಕುಮ ಹಚ್ಚಿಕೊಂಡಿದ್ದ ಪೆನ್ಷನರ್‌ನ ಕೀಲಿಯನ್ನು ಅಪ್ಪನ ಕೈಗೆ ಕೊಟ್ಟೆ.

ನಾನಕರಾಮಗುಡದಲ್ಲಿ ಹೊರವರ್ತುಲ ರಸ್ತೆ ಹತ್ತಿದೆವು. 158 ಕಿಲೋಮೀಟರಿನ ಉಂಗುರ ಅದು, ಗಂಟೆಗೆ 120ರ ವೇಗದವರೆಗೆ ಅನುಮತಿ ಇದೆ. ಶಂಷಾಬಾದಿನಲ್ಲಿ ಇಳಿದು ವಾಪಸಾಗುವುದು ಎಂದು ಮಾತಾಗಿತ್ತು. ಅಪ್ಪ ಐದನೇ ಗೇರಿನಲ್ಲಿ ಎಂಬತ್ತು ಹಿಡಿದು, ಬ್ಯಾಂಕಿನ ಶಿಸ್ತಿನಲ್ಲಿ ಎಡಗಡೆಯೇ ಹೋಗುತ್ತ, ಪೆಟ್ರೋಲಿನಲ್ಲಿ ಎಥನಾಲ್ ಬೆರೆಸುವುದರ ಬಗ್ಗೆ ಪೇಪರಿನಲ್ಲಿ ಓದಿದ್ದನ್ನು ವಿವರಿಸುತ್ತಿದ್ದರು. ಮುಂದೆ ಕೋಳಿ ತುಂಬಿದ ಲಾರಿಯೊಂದು ಸಿಕ್ಕಿತು. ಗೇರ್ ಇಳಿಸಿ, ಬಲಕ್ಕೆ ತಿರುಗಿಸಿ, ಕಾಲು ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. "ಏನೋ ಇದು, ಎಳೀತಾನೇ..." ಎನ್ನುವಷ್ಟರಲ್ಲಿ ಓಡಿಹೋಗಿದ್ದ ಕುದುರೆಗಳೆಲ್ಲ ಒಟ್ಟಿಗೆ ಮನೆಗೆ ಬಂದವು. ಬೆನ್ನು ಸೀಟಿಗೆ ಅಂಟಿತು. ಲಾರಿ, ಕೋಳಿ, ಎಥನಾಲ್ ಎಲ್ಲ ಹಿಂದೆ ಉಳಿದವು. ಮುಳ್ಳು ನೂರಿಪ್ಪತ್ತು ಮುಟ್ಟಿದಾಗ ಅಪ್ಪ ಕಾಲು ಸಡಿಲಿಸಿದರು. ಹೊಸ ವಾಲ್ವು ಪಿಸ್ಸೆಂದಿತು.

ಅಪ್ಪ ಏನೂ ಹೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡರು. ಮತ್ತೆ ಎಂಬತ್ತಕ್ಕೆ ಇಳಿಸಿ, ರಸ್ತೆಯಲ್ಲಿ ಇನ್ನೊಂದು ಲಾರಿ ಇದೆಯೇ ಎಂದು ಕತ್ತು ಮುಂದೆ ಮಾಡಿ ನೋಡತೊಡಗಿದರು.

"ಅಪ್ಪಾ, ಶಂಷಾಬಾದ್ ಬಂತು, ಎಡಕ್ಕೆ ತಗೊಳ್ಳಿ" ಅಂದೆ.

"ಮುಂದಿನದ್ರಲ್ಲಿ ಇಳಿಯೋಣ ಬಿಡೋ" ಅಂದರು. "ಟೋಲ್ ಎಷ್ಟಾದ್ರೂ ನಾನೇ ಕೊಡ್ತೀನಿ."