ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ

ತಾರಸಿ ಮೇಲಿನ ಟ್ಯಾಂಕ್ ತೊಳೆಸಿದ ಮರುದಿನವೇ ನೋಡಿ ಈ ಕಾಟ ಶುರುವಾಗೋದು. ತಣ್ಣೀರು ನಲ್ಲಿಯಲ್ಲಿ ಧೋ ಅಂತ ಸುರಿಯುತ್ತೆ, ಬಿಸಿನೀರಿನ ನಲ್ಲಿ ಮಾತ್ರ ಬುಸ್ ಬುಸ್ ಅಂದು, ಎರಡು ಸಲ ಕೆಮ್ಮಿ ಸುಮ್ಮನಾಗಿಬಿಡುತ್ತೆ. ಸೋಲಾರ್ ತುಂಬ ನೀರಿದೆ, ನೀರು ಕಾದೂ ಇದೆ, ಬಚ್ಚಲಿಗೆ ತೊಟ್ಟೂ ಬರೋಲ್ಲ. ಪ್ಲಂಬರ್ ಬಂದವನೇ ‘ಏರ್ ಹಿಡ್ಕೊಂಡಿದೆ ಸಾರ್’ ಅಂತಾನೆ. ಅವನು ಹೇಳೋದು ಸರಿಯೇ. ಟ್ಯಾಂಕ್ ಖಾಲಿಯಾದಾಗ ಪೈಪಿಗೆ ಗಾಳಿ ಹೊಕ್ಕಿರುತ್ತೆ. ಪೈಪು ಎಲ್ಲೋ ಒಂದು ಕಡೆ ಎದ್ದು ಇಳಿದಿದ್ದರೆ ಸಾಕು, ಅಲ್ಲೇ ಠಿಕಾಣಿ ಹೂಡುತ್ತೆ. ತಾನಾಗಿ ಇಳಿದು ಬರೋ ನೀರಿಗೆ ಅದನ್ನು ತಳ್ಳುವಷ್ಟು ಕಸುವು ಎಲ್ಲಿಂದ ಬರಬೇಕು, ಅಲ್ವಾ?

ಇದಕ್ಕೆ ಕಾಸು ಖರ್ಚಿಲ್ಲದ ಮದ್ದಿದೆ. ಮಿಕ್ಸರಿನ ಬಾಯನ್ನು ಅಂಗೈಯಿಂದ ಒತ್ತಿ ಹಿಡಿದು, ಬಿಸಿ–ತಣ್ಣಗೆ ಎರಡೂ ತಿರುವಿ. ತಣ್ಣೀರು ಬಿಸಿನೀರಿನ ಪೈಪಿಗೆ ಹಿಮ್ಮುಖವಾಗಿ ನುಗ್ಗಿ ಗಾಳಿಯನ್ನು ಮೇಲಕ್ಕೆ ಅಟ್ಟುತ್ತೆ. ಬೆಳಿಗ್ಗೆ ಬೇಗ ಮಾಡಿ; ಮಟಮಟ ಮಧ್ಯಾಹ್ನವಾದರೆ ದಾರಿ ಬಿಟ್ಟ ಕೂಡಲೇ ಸುಡುನೀರು ಕೈಮೇಲೆ ಬಿದ್ದೀತು.

ನಮ್ಮಜ್ಜಿ ಮನೆ ಬಚ್ಚಲ ಹಂಡೆಗೆ ಈ ರಗಳೆಯೇ ಇರಲಿಲ್ಲ. ಒಲೆಗೆ ಒಣಗಿದ ತೆಂಗಿನ ಗರಿ ತುರುಕಿ ಸ್ವಲ್ಪ ಹೊತ್ತಾದರೆ, ನೀರು ಕುದಿಯೋದಕ್ಕೆ ಬಹಳ ಮುಂಚೆಯೇ ತಾಮ್ರದ ಒಳಮೈಗೆಲ್ಲ ಸಾಸಿವೆ ಗಾತ್ರದ ಗುಳ್ಳೆಗಳು ಕಚ್ಚಿಕೊಂಡಿರೋವು. ತಂಬಿಗೆ ಅದ್ದಿದರೆ ಸರ್ರನೆ ಮೇಲೇರೋವು. ನೀರಲ್ಲಿ ಕರಗಿದ್ದ ಗಾಳಿ ಅದು. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 60 ಡಿಗ್ರಿಗೆ ಏರಿದರೆ ಹೆಚ್ಚುಕಡಿಮೆ ಅರ್ಧವೇ. ಉಳಿದದ್ದು ಹೊರಗೆ ಹೋಗಲೇಬೇಕಲ್ಲ! ಹಂಡೆಗೆ ಬಾಯಿ ತೆರೆದಿತ್ತು, ಹೋಗುತ್ತಿತ್ತು. ಗೀಸರು ಮುಚ್ಚಿದ ಡಬ್ಬ, ನಲ್ಲಿ ತೆರೆದಾಗಲೇ ಅದಕ್ಕೆ ಬಿಡುಗಡೆ. ನೀರು ಹಾಲಿನ ಹಾಗೆ ಬೆಳ್ಳಗೆ ಬಂತು ಅಂತ ಗಾಬರಿಯಾಗಬೇಡಿ. ಗಾಜಿನ ಲೋಟಕ್ಕೆ ಹಿಡಿದು ನೋಡಿ: ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಬರೀ ಗಾಳಿ. ತಳದಲ್ಲಿ ಬಿಳಿ ಪುಡಿ ಕೂತರೆ ಬೋರ್‌ವೆಲ್ಲಿನ ಸುಣ್ಣ.

ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಬೇರೆ ಕಥೆ. ಗೀಸರಿನ ಟ್ಯಾಂಕಿಗೆ ತುಕ್ಕು ಹಿಡಿಯದಿರಲಿ ಅಂತ ಒಳಗೊಂದು ಮೆಗ್ನೀಸಿಯಂ ಸರಳು ಇಟ್ಟಿರ್ತಾರೆ. ತಾನು ಸವೆದು ಟ್ಯಾಂಕನ್ನು ಉಳಿಸೋ ಪುಣ್ಯಾತ್ಮ. ಅದು ಸವೆಯುವಾಗ ಜಲಜನಕ ಹುಟ್ಟುತ್ತೆ. ನೀರಲ್ಲಿ ಸಲ್ಫೇಟು, ಜೊತೆಗೆ ಅದನ್ನು ತಿನ್ನೋ ಸೂಕ್ಷ್ಮಜೀವಿಗಳೂ ಇದ್ದರೆ ಆ ನಾತ. ಸರಳು ಕಿತ್ತುಹಾಕಿಬಿಡಿ ಅನ್ನೋವರ ಮಾತು ಕೇಳಬೇಡಿ, ಟ್ಯಾಂಕೇ ತೂತು ಬಿದ್ದೀತು. ಮೆಕ್ಯಾನಿಕ್‌ ಕರೆಸಿ ಟ್ಯಾಂಕ್ ತೊಳೆಸಿ, ಸರಳು ಪೂರ್ತಿ ಸವೆದಿದ್ದರೆ ಬದಲಾಯಿಸಿ.

ಹಾಗೇ ಸೋಲಾರಿನ ವೆಂಟ್ ಪೈಪು ನೀರು ಚೆಲ್ಲುತ್ತೆ ಅಂತ ಅದಕ್ಕೆ ಬಟ್ಟೆ ತುರುಕೋರಿದ್ದಾರೆ. ದಯವಿಟ್ಟು ಬೇಡ. ಅದು ಟ್ಯಾಂಕಿನ ಉಸಿರು. ಮುಚ್ಚಿದರೆ ಟ್ಯಾಂಕು ಉಬ್ಬಬಹುದು, ಒಳಕ್ಕೆ ಕುಸಿಯಲೂಬಹುದು.

ಇನ್ನು, ಎರಡು ಮೂರು ವಾರ ಬೀಗ ಹಾಕಿಕೊಂಡು ಊರಿಗೆ ಹೋಗಿ ಬಂದಿರಾ? ಗೀಸರಿನ ಸ್ವಿಚ್ ಹಾಕೋ ಮುಂಚೆ ಕಿಟಕಿ ತೆಗೆದು, ಬಿಸಿನೀರಿನ ನಲ್ಲಿಯನ್ನು ನಾಲ್ಕೈದು ನಿಮಿಷ ಬಿಟ್ಟುಬಿಡಿ. ಸೇರಿಕೊಂಡ ಜಲಜನಕ ಹೊರಗೆ ಹೋಗಲಿ. ಅಷ್ಟು ಹೊತ್ತು ಆಸುಪಾಸಿನಲ್ಲಿ ಬೆಂಕಿಕಡ್ಡಿ ಗೀರಬೇಡಿ.